ಹೊಳೆದಂಡೆಯ ಮನೆಗೆ ಪರವಾನಿಗೆಯೂ ಬೇಕು, ವಿಮೆಯೂ ಬೇಕು

ತುಂಗಭದ್ರೆಯ ದಂಡೆಗೆ ಮನೆ, ಕೊಟ್ಟಿಗೆ ಇಲ್ಲವೆ ಭತ್ತದ ಗೋದಾಮು ಕಟ್ಟಿಸಲು ಹೊರಟ ರೈತರು ಕಲ್ಲಿನ ದರ ಕೇಳುತ್ತಾರೆ, ಗೌಂಡಿಯ ಕೂಲಿ ಕೇಳುತ್ತಾರೆ. ಹೊಳೆ ಬಂದಾಗ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಊರ ಹಿರಿಯರನ್ನು ಕೇಳುವವರು ಕಡಿಮೆ.

ಗಂಗಾವತಿ ಸೀಮೆಯ ವಿರೂಪಾಪುರಗಡ್ಡೆಯ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಸುತ್ತ ನೀರು, ನಡುವೆ ಭತ್ತದ ಗದ್ದೆ. ಅಲ್ಲಿ ಪ್ರವಾಸಿಗರಿಗಾಗಿ ಸಾಲಾಗಿ ರೆಸಾರ್ಟುಗಳು ಎದ್ದವು. 2019ರ ಆಗಸ್ಟ್ ತಿಂಗಳಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡೆಯ ದಾರಿ ಮುಳುಗಿ, ಸಿಕ್ಕಿಕೊಂಡವರನ್ನು ದೋಣಿ ಹಾಗೂ ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು. ಮರುವರ್ಷ, 2020ರ ಫೆಬ್ರವರಿಯಲ್ಲಿ, ಆ ಕಟ್ಟಡಗಳು ಕಾನೂನುಬಾಹಿರವೆಂಬ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವು ನೆಲಸಮವಾದವು. ಕೆಡವಿದ್ದು ಪ್ರವಾಹದ ಕಾರಣಕ್ಕಲ್ಲ, ಸ್ಮಾರಕ ರಕ್ಷಣೆಯ ಕಾಯ್ದೆಯಡಿ ಎಂಬುದನ್ನು ಗಮನಿಸಬೇಕು. ಆದರೂ ಹೊಳೆ ಹೇಳಿದ್ದನ್ನೇ ಕೋರ್ಟು ಇನ್ನೊಂದು ಮಾತಿನಲ್ಲಿ ಹೇಳಿತೆಂದು ನನ್ನ ಅಭಿಪ್ರಾಯ.

ಅಣೆಕಟ್ಟು ಇರುವಾಗ ಭಯವೇಕೆ ಎನ್ನುವವರಿದ್ದಾರೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಹಿಡಿಯಲಾರದ ನೀರನ್ನು ಹೊಳೆಗೇ ಬಿಡಬೇಕಷ್ಟೆ. ಇನ್ನು 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ತುಂಬಿದ ಜಲಾಶಯದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಯಲಬುರ್ಗಾ, ಕುಷ್ಟಗಿಯವರಿಗೆ ಈ ಹೊಳೆ ದೂರ, ಆದರೆ ಹಳ್ಳಗಳು ಹತ್ತಿರ. ವರ್ಷವಿಡೀ ಒಣಗಿದ ಹಳ್ಳ ಒಂದೇ ರಾತ್ರಿಯ ಮಳೆಗೆ ದಂಡೆ ಮೀರಬಲ್ಲದು.

ಹೊಳೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದೆಂಬ ಮಾದರಿ ಮಸೂದೆಯನ್ನು ಕೇಂದ್ರ ಜಲ ಆಯೋಗ 1975ರಲ್ಲಿಯೇ ರಾಜ್ಯಗಳಿಗೆ ಕಳಿಸಿತು. ಪದೇ ಪದೇ ಮುಳುಗುವ ನೆಲ ಉದ್ಯಾನ, ಆಟದ ಬಯಲುಗಳಿಗೆ. ವಸತಿ 25 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲೆ. ಆಸ್ಪತ್ರೆಯಂಥವು 100 ವರ್ಷದ ಮಟ್ಟಕ್ಕಿಂತ ಮೇಲೆ ಎಂಬುದು ಅದರ ಸಾರ. ಮಣಿಪುರ, ರಾಜಸ್ಥಾನದಂಥ ಕೆಲವು ರಾಜ್ಯಗಳು ಕಾಯ್ದೆ ಮಾಡಿದವು. ಕರ್ನಾಟಕ ಆ ಸಾಲಿನಲ್ಲಿಲ್ಲ. ಹಾಗೆಂದು ನಿಯಮವೇ ಇಲ್ಲವೆಂದಲ್ಲ. ಊರೊಳಗೆ ಕಟ್ಟಲು ಗ್ರಾಮ ಪಂಚಾಯತಿಯ ಪರವಾನಿಗೆ ಬೇಕು. ಸ್ವಂತ ಹೊಲದಲ್ಲಿ ಒಕ್ಕಲುತನದ ಕಟ್ಟಡಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು ಅವಕಾಶ ಕೊಡುತ್ತದೆ. ಅದನ್ನೇ ವಸತಿಗೃಹ, ಹೋಟೆಲು ಮಾಡುವುದಾದರೆ ಭೂ ಪರಿವರ್ತನೆ ಆಗಲೇಬೇಕು. ಆನೆಗುಂದಿ ಸುತ್ತಿನಲ್ಲಿ ಹಂಪಿ ಪ್ರಾಧಿಕಾರದ ಅನುಮತಿಯೂ ಬೇಕಾಗುತ್ತದೆ.

ಈ ಕಾಗದಗಳ ಬೆಲೆ ತಿಳಿಯುವುದು ಗೋಡೆ ಬಿದ್ದ ಮೇಲೆ. 2022-26ರ ಅವಧಿಯ ವಿಪತ್ತು ಪರಿಹಾರ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ಣ ಬಿದ್ದ ಮನೆಗೆ 1,20,000 ರೂಪಾಯಿ; ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000; ಕೊಟ್ಟಿಗೆಗೆ 3,000. ರಾಜ್ಯ ಸರಕಾರ ಕೆಲವು ವರ್ಷ ಇದರ ಮೇಲೆ ತಾನೂ ಸೇರಿಸಿ ಕೊಟ್ಟದ್ದುಂಟು. ಆದರೆ ಮನೆ ಅಧಿಕೃತವಾಗಿ ಕಟ್ಟಿದ್ದಿರಬೇಕು ಎಂಬ ಷರತ್ತು ಅದೇ ನಿಯಮದಲ್ಲಿದೆ. ಪರವಾನಿಗೆಯಿಲ್ಲದವರು ನೆರೆಯಲ್ಲೂ ಸೋಲುತ್ತಾರೆ, ಕಚೇರಿಯಲ್ಲೂ ಸೋಲುತ್ತಾರೆ.

6,500 ರೂಪಾಯಿಯಲ್ಲಿ ಒಂದು ಗೋಡೆಯೂ ಏಳುವುದಿಲ್ಲ. ಆದ್ದರಿಂದಲೇ ವಿಮೆಯ ಮಾತು. ಬೆಳೆ ವಿಮೆ ಕಟ್ಟಿದ್ದೇನೆ, ಸಾಕು ಎಂದು ಅನೇಕರು ತಿಳಿದಿದ್ದಾರೆ. ಅದು ಬೆಳೆಗೆ ಮಾತ್ರ. ಮನೆಗೆ, ಪಂಪಿಗೆ, ಗೋದಾಮಿಗೆ ಸಂಬಂಧವಿಲ್ಲ. ಮನೆಗೆಂದು 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಸಿಗುತ್ತದೆ. ಬೆಂಕಿಯ ಜೊತೆ ನೆರೆಯೂ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನಿಗೆ ಅದರ ಶೇ. 20ರಷ್ಟು, 10 ಲಕ್ಷದ ಮಿತಿಯಲ್ಲಿ, ತಾನಾಗಿ ದೊರೆಯುತ್ತದೆ. ಬರೆಸಬೇಕಾದ ಮೊತ್ತ ಜಾಗದ ಬೆಲೆಯಲ್ಲ, ಅದೇ ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು. ಹುಲ್ಲು, ಸೋಗೆ, ತಾಡಪತ್ರಿಯ ಮನೆಯಾದರೆ ಕರಾರನ್ನು ಮೊದಲೇ ಕೇಳಿ ತಿಳಿಯಿರಿ. ಪಂಪ್‌ಸೆಟ್ಟಿನ ವಿಮೆ ಬೇರೆ. ನೆರೆ ಅದರಲ್ಲಿ ಸೇರಿದೆಯೇ ಎಂದು ಕೇಳಿಯೇ ಹಣ ಕಟ್ಟಿರಿ. ಭತ್ತದ ದಾಸ್ತಾನು ಇಡುವ ಸಣ್ಣ ವ್ಯಾಪಾರಿಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಇದೆ. ಗೇಟು ತೆರೆದ ಸುದ್ದಿ ಕೇಳಿ ಏಜೆಂಟರಲ್ಲಿಗೆ ಓಡಿದರೆ ಕೆಲಸವಾಗದು. ಮುಂಗಾರಿಗೆ ಮೊದಲೇ ಮಾಡಿಸಿರಿ.

ಮಣ್ಣಿನ ಗೋಡೆ ಸಾಮಾನ್ಯವಾಗಿ ಬೀಳುವುದು ನೀರು ನಿಂತಾಗಲ್ಲ, ಇಳಿದ ಒಂದೆರಡು ದಿನಗಳ ಮೇಲೆ. ಆದ್ದರಿಂದ ನೀರು ಸರಿಯಿತೆಂದು ಕೂಡಲೇ ಒಳಗೆ ಮಲಗಬೇಡಿರಿ. ಬಿದ್ದದ್ದನ್ನು ತೆಗೆಯುವ ಮೊದಲು ಫೋಟೋ ತೆಗೆದು, ಅಂದೇ ಕಂಪನಿಗೂ ಗ್ರಾಮ ಆಡಳಿತಾಧಿಕಾರಿಗೂ ತಿಳಿಸಿರಿ. ಪಾಲಿಸಿ, ಪಂಚಾಯತಿಯ ಪರವಾನಿಗೆ, ಪಹಣಿಗಳ ಒಂದೊಂದು ನಕಲನ್ನು ಎತ್ತರದ ಊರಿನ ಬೀಗರ ಮನೆಯಲ್ಲಿ ಇಟ್ಟಿರಬೇಕು.