ಕಾಲುವೆ ದಂಡೆಯ ಸೆಲ್ಯುಲರ್ ಪ್ರಯೋಗಫಲಕ: ಜೋಡಣೆ ಮತ್ತು ಪ್ರಥಮ ವಿದ್ಯುತ್ ಚಾಲನೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಈ ಮೂರೂ ಪಟ್ಟಣಗಳು ಬಂಡೆಗಲ್ಲಿನ ಬೆಟ್ಟಗಳ ಮಗ್ಗುಲಲ್ಲಿ ಬೆಳೆದವು. ಕೋಟೆ ಕಟ್ಟಿದವರಿಗೆ ಒದಗಿಬಂದ ಈ ಭೂಲಕ್ಷಣವೇ ರೇಡಿಯೊ ತರಂಗಗಳಿಗೆ ಅಡ್ಡಿಯೂ ಆಗಿದೆ. ಬೆಟ್ಟಗಳಾಚೆಯ ಬಯಲಿನ ಕೃಷಿಯು ಬಹುಮಟ್ಟಿಗೆ ನಾರಾಯಣಪುರ ಎಡದಂಡೆ ಕಾಲುವೆಯನ್ನು ಅವಲಂಬಿಸಿದೆ. 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಲೋಕಾರ್ಪಣೆಗೊಂಡ ಈ ಕಾಲುವೆಯ ಆಧುನೀಕರಣ ಯೋಜನೆಯು 10,000 ಕ್ಯುಸೆಕ್ ಹರಿವಿನ ಸಾಮರ್ಥ್ಯವನ್ನೂ 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟನ್ನೂ ಉದ್ದೇಶಿಸಿದೆ. ಆದರೆ ಮೇಲ್ಭಾಗದಲ್ಲಿ ಬಿಟ್ಟ ನೀರು ಶಹಾಪುರ ಶಾಖಾ ಕಾಲುವೆಯ ಕೊನೆಯ ಅಂಚಿಗೆ ತಲುಪಿತೇ ಎಂಬುದೇ ಅಲ್ಲಿಯ ರೈತನ ಪ್ರಶ್ನೆ. ನೀರಿನ ಮಟ್ಟವನ್ನು ಅಳೆದು ಮೊಬೈಲ್ ಜಾಲದ ಮೂಲಕ ತಿಳಿಸುವ ಪುಟ್ಟ ಸಾಧನವೊಂದು ಇಲ್ಲಿ ಉಪಯುಕ್ತವಾಗುವುದು ಈ ಕಾರಣದಿಂದ.

ಇಂತಹ ಸಾಧನದ ಮೊದಲ ರೂಪವನ್ನು ಸಾಮಾನ್ಯವಾಗಿ ಡೆವಲಪ್‌ಮೆಂಟ್ ಬೋರ್ಡ್ ಎನ್ನಲಾಗುವ ಪ್ರಯೋಗಫಲಕದ ಮೇಲೆ ಸಿದ್ಧಪಡಿಸುತ್ತಾರೆ. ಮೈಕ್ರೊಕಂಟ್ರೋಲರ್, ಮೋಡೆಮ್, ಸಿಮ್ ಕಾರ್ಡಿನ ಗೂಡು, ಆಂಟೆನಾ ಹಾಗೂ ಬ್ಯಾಟರಿಯ ಸಂಪರ್ಕಗಳು ಅದರಲ್ಲಿರುತ್ತವೆ. ಜೋಡಣೆಯ ಕ್ರಮಕ್ಕೆ ಮಹತ್ವವಿದೆ: ವಿದ್ಯುತ್ ಕೊಡುವ ಮುನ್ನವೇ ಸಿಮ್ ಕಾರ್ಡನ್ನೂ ಆಂಟೆನಾವನ್ನೂ ಕೂರಿಸಬೇಕು. ಆಂಟೆನಾದ ಕಿರು ಕನೆಕ್ಟರನ್ನು ನೇರವಾಗಿ ಮೇಲಿನಿಂದ ಒತ್ತಬೇಕು; ಅದು ಸುಮಾರು 30 ಬಾರಿ ತೆಗೆದು ಹಾಕುವುದಕ್ಕಷ್ಟೇ ರೂಪಿತವಾದುದು. ಬ್ಯಾಟರಿಯ ತಂತಿಗಳ ಧನ ಋಣಗಳನ್ನು ಬಣ್ಣ ನೋಡಿ ನಂಬದೆ ಮಲ್ಟಿಮೀಟರಿನಿಂದ ಅಳೆಯುವುದು ಕ್ಷೇಮ. ಒಂದೇ ಬಗೆಯ ಕನೆಕ್ಟರುಗಳಲ್ಲಿ ತಯಾರಕರು ಧ್ರುವಗಳನ್ನು ಅದಲುಬದಲಾಗಿಸಿರುವುದುಂಟು.

ನಿಜವಾದ ತೊಡಕು ವಿದ್ಯುತ್ ಪೂರೈಕೆಯದು. ವ್ಯಾಪಕವಾಗಿ ಬಳಕೆಯಾದ ಸಿಮ್800 ಶ್ರೇಣಿಯ ಮೋಡೆಮ್ 3.4ರಿಂದ 4.4 ವೋಲ್ಟ್‌ಗಳ ನಡುವೆ ಕೆಲಸ ಮಾಡುತ್ತದೆ. 2ಜಿ ಜಾಲದಲ್ಲಿ ಮಾತು ಅಥವಾ ಮಾಹಿತಿ ಸಾಗುವಾಗ ಮೋಡೆಮ್ ನಿರಂತರವಾಗಿ ಪ್ರಸಾರ ಮಾಡುವುದಿಲ್ಲ; ಸಾಮಾನ್ಯವಾಗಿ 4.615 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೊಸೆಕೆಂಡುಗಳ ಕಾಲ, ಅಂದರೆ ಎಂಟರಲ್ಲೊಂದು ಭಾಗ ಮಾತ್ರ, ಪ್ರಸಾರ ನಡೆಯುತ್ತದೆ. ಆ ಕ್ಷಣದಲ್ಲಿ ಅದು ಸೆಳೆಯುವ ವಿದ್ಯುತ್ 2 ಆಂಪಿಯರಿನವರೆಗೆ ಏರಬಲ್ಲದು. ಸರಾಸರಿ ಲೆಕ್ಕದಲ್ಲಿ ಇದು ಕಾಲು ಆಂಪಿಯರ್ ಮಾತ್ರ. ಮಲ್ಟಿಮೀಟರ್ ತೋರಿಸುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಪರಿಶೋಧಕನು ಮೋಸಹೋಗುವುದು ಇಲ್ಲಿಯೇ. ತೆಳು ತಂತಿಯ ರೋಧ 0.2 ಓಮ್ ಇದ್ದರೂ 2 ಆಂಪಿಯರಿಗೆ 0.4 ವೋಲ್ಟ್ ಕುಸಿಯುತ್ತದೆ, 3.8 ವೋಲ್ಟ್ ಪೂರೈಕೆಯು 3.4ರ ಅಂಚಿಗೆ ಬಂದು ನಿಲ್ಲುತ್ತದೆ. ಇನ್ನೂ ತುಸು ಇಳಿದರೆ ಮೋಡೆಮ್ ಸದ್ದಿಲ್ಲದೆ ಆರಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕಾರಣ ತಿಳಿಯದವರು ಪ್ರೋಗ್ರಾಮನ್ನೋ ಮೊಬೈಲ್ ಕಂಪನಿಯನ್ನೋ ದೂರುತ್ತಾರೆ.

ಈ ದೋಷ ಯಾದಗಿರಿಯ ಮೇಜಿನ ಮೇಲೆ ಕಾಣದೆ ಸುರಪುರದ ಹೊಲದಲ್ಲಿ ಕಾಣಿಸಿಕೊಳ್ಳಬಹುದು. ಗೋಪುರ ಸಮೀಪವಿದ್ದಲ್ಲಿ ಜಾಲವು ಮೋಡೆಮಿಗೆ ಪ್ರಸಾರಶಕ್ತಿಯನ್ನು ತಗ್ಗಿಸಲು ಸೂಚಿಸುತ್ತದೆ. ಗೋಪುರ ದೂರವಾಗಿ, ನಡುವೆ ಬೆಟ್ಟ ಬಂದಲ್ಲಿ 900 ಮೆಗಾಹರ್ಟ್ಸ್‌ನಲ್ಲಿ ಗರಿಷ್ಠ 2 ವ್ಯಾಟ್ ಶಕ್ತಿಯನ್ನೇ ಬಳಸಬೇಕಾಗುತ್ತದೆ. ಪಟ್ಟಣದಲ್ಲಿ ವಾರಗಟ್ಟಲೆ ನಡೆದ ಫಲಕವು ನೀರಿನ ಸರದಿಯ ರಾತ್ರಿ ಮೌನವಾದರೆ ಆಶ್ಚರ್ಯವಿಲ್ಲ. 4ಜಿ ಪ್ರಸಾರದ ಗರಿಷ್ಠ ಶಕ್ತಿ ಸುಮಾರು 0.2 ವ್ಯಾಟ್ ಮಾತ್ರವಾದರೂ, ಸಿಗ್ನಲ್ ಸಿಗದಿದ್ದಾಗ 2ಜಿಗೆ ಮರಳುವ ಮೋಡೆಮುಗಳಿಗೆ ಹಳೆಯ ಲೆಕ್ಕವೇ ಅನ್ವಯಿಸುತ್ತದೆ.

ಆದುದರಿಂದ ಪ್ರಥಮ ಚಾಲನೆಯನ್ನು 0.5 ಆಂಪಿಯರಿನ ಸಾಧಾರಣ ಯುಎಸ್‌ಬಿ ಕಿಂಡಿಯೊಂದನ್ನೇ ನಂಬಿ ಮಾಡಬಾರದು. ಲಿಥಿಯಮ್ ಬ್ಯಾಟರಿ, ಗಿಡ್ಡನೆಯ ದಪ್ಪ ತಂತಿ, ಮೋಡೆಮಿನ ಪಕ್ಕದಲ್ಲೇ ಕಡಿಮೆ ಆಂತರಿಕ ರೋಧದ ಕೆಪಾಸಿಟರ್ ಇಷ್ಟೂ ಬೇಕು. ಅನಂತರ 'ಎಟಿ' ಎಂಬ ಆದೇಶ ಕಳುಹಿಸಿದರೆ 'ಓಕೆ' ಎಂಬ ಉತ್ತರ ಬರಬೇಕು. ಸಿಗ್ನಲ್ ಪ್ರಮಾಣವನ್ನು ಕೇಳಿದಾಗ 0ಯಿಂದ 31ರವರೆಗಿನ ಸಂಖ್ಯೆ ದೊರೆಯುತ್ತದೆ. 99 ಬಂದರೆ ಪ್ರಮಾಣ ತಿಳಿಯಲಾಗಿಲ್ಲವೆಂದೇ ಅರ್ಥ. ಸಿಮ್800ರಲ್ಲಿ ಬೇಗಬೇಗನೆ ಮಿನುಗುವ ಸೂಚಕ ದೀಪವು ಮೂರು ಸೆಕೆಂಡಿಗೊಮ್ಮೆ ಮಿನುಗತೊಡಗಿದರೆ ಜಾಲದಲ್ಲಿ ನೋಂದಣಿಯಾಗಿದೆ ಎಂದು ತಿಳಿಯಬೇಕು. ಈ ಪರೀಕ್ಷೆಯನ್ನು ಸಾಧನ ನಿಲ್ಲಲಿರುವ ದಂಡೆಯ ಮೇಲೆ, ಸಂದೇಶವೊಂದನ್ನು ಕಳುಹಿಸುತ್ತಲೇ, ಮತ್ತೊಮ್ಮೆ ನಡೆಸುವುದು ಅಗತ್ಯ. ಸೌರಫಲಕದಿಂದ ಬ್ಯಾಟರಿ ತುಂಬಿಸುವುದಾದರೆ ಪೆಟ್ಟಿಗೆಗೆ ನೆರಳು ಬೇಕು: ಲಿಥಿಯಮ್ ಬ್ಯಾಟರಿಗಳ ಚಾರ್ಜಿಂಗಿಗೆ ಸಾಮಾನ್ಯ ಮಿತಿ 45 ಡಿಗ್ರಿ ಸೆಲ್ಸಿಯಸ್, ಈ ಭಾಗದ ಬೇಸಿಗೆಯಲ್ಲಿ ಮುಚ್ಚಿದ ಪೆಟ್ಟಿಗೆಯ ಒಳಗಿನ ಶಾಖ ಅದನ್ನು ಸುಲಭವಾಗಿ ಮೀರುತ್ತದೆ.