ಎರಡು ಮದ್ದು, ಒಂದೇ ಕಿಣ್ವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಮೆಣಸಿನ ಬಳ್ಳಿ ಹಬ್ಬಿರದ ಅಡಿಕೆ ತೋಟ ಅಪರೂಪ. ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರೀನ್ ಎಂಬ ಸಂಯುಕ್ತ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಇದರ ಬಗ್ಗೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ಅನ್ನು 2 ಗ್ರಾಂನಷ್ಟು ಸ್ವಯಂಸೇವಕರಿಗೆ ನುಂಗಿಸಿದಾಗ ಅದು ರಕ್ತದಲ್ಲಿ ಕಂಡೂ ಕಾಣದಂತಿತ್ತು. ಅದರೊಂದಿಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ದೇಹಕ್ಕೆ ದಕ್ಕಿದ ಪ್ರಮಾಣ ಶೇಕಡಾ 2000ದಷ್ಟು ಹೆಚ್ಚಿತು! ಒಂದು ವಸ್ತು ಇನ್ನೊಂದರ ಹಾದಿಯನ್ನು ಹೀಗೂ ಬದಲಿಸಬಲ್ಲದು.

ಈಗ ಕೇಳಿಬರುತ್ತಿರುವ ಒಂದು ಪ್ರಶ್ನೆಗೆ ಇದೇ ಪೀಠಿಕೆ. ಖಿನ್ನತೆಗೆ ಕೀಟಮಿನ್ ಚಿಕಿತ್ಸೆ ಪಡೆಯುವವರು ನೋವು ಅಥವಾ ನಿದ್ರಾಹೀನತೆಗೆಂದು ಸಿಬಿಡಿ ತೈಲವನ್ನೂ ಸೇವಿಸಬಹುದೆ?

ಕೀಟಮಿನ್ 1962ರಲ್ಲಿ ತಯಾರಾದ ಅರಿವಳಿಕೆ. ಅರಿವಳಿಕೆಗೆ ಬೇಕಾದುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಅದು ತೀವ್ರ ಖಿನ್ನತೆಯನ್ನು ಕೆಲವೇ ಗಂಟೆಗಳಲ್ಲಿ ತಗ್ಗಿಸಬಲ್ಲದು. ದುರ್ಬಳಕೆಯ ಕಾರಣ ಭಾರತ 2013ರಲ್ಲಿ ಇದನ್ನು ಷೆಡ್ಯೂಲ್ ಎಕ್ಸ್‌ಗೆ ಸೇರಿಸಿತು. ಸಿಬಿಡಿ, ಎಂದರೆ ಕ್ಯಾನಬಿಡಯಾಲ್, ಗಾಂಜಾ ಗಿಡದ ಅಂಶ. ಆದರೆ ಅಮಲೇರಿಸುವ ಟಿಎಚ್‌ಸಿಗಿಂತ ಬೇರೆ. ಶುದ್ಧ ಸಿಬಿಡಿಗೆ ಮಕ್ಕಳ ಕೆಲವು ತೀವ್ರ ಅಪಸ್ಮಾರಗಳ ಔಷಧಿಯಾಗಿ 2018ರಲ್ಲಿ ಅಮೆರಿಕದಲ್ಲಿ ಮನ್ನಣೆ ಸಿಕ್ಕಿತು.

ಕಿಣ್ವದ ಬಾಗಿಲು

ನಾವು ನುಂಗಿದ ಔಷಧಿ ರಕ್ತಕ್ಕೆ ಸೇರುವ ಮುನ್ನ ಕರುಳಿನ ಗೋಡೆ ಮತ್ತು ಯಕೃತ್ತನ್ನು ದಾಟಬೇಕು. ಅಲ್ಲಿ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಕೀಟಮಿನ್‌ನ ಮಟ್ಟಿಗೆ ಸಿವೈಪಿ3ಎ4 ಮತ್ತು ಸಿವೈಪಿ2ಬಿ6 ಮುಖ್ಯವಾದವು. ಸಿಬಿಡಿ ಈ ಗುಂಪಿನ ಹಲವು ಕಿಣ್ವಗಳನ್ನು ತಡೆಯುತ್ತದೆ. ಅಪಸ್ಮಾರದ ಕ್ಲೋಬಜಾಮ್ ಮಾತ್ರೆಯೊಂದಿಗೆ ಸಿಬಿಡಿ ಕೊಟ್ಟರೆ ಆ ಮಾತ್ರೆಯಿಂದ ಹುಟ್ಟುವ ಸಕ್ರಿಯ ವಸ್ತು ರಕ್ತದಲ್ಲಿ ಸುಮಾರು 3 ಪಟ್ಟು ಏರಿ, ತೂಕಡಿಕೆ ಹೆಚ್ಚುತ್ತದೆ.

ಕಿಣ್ವ ತಡೆದರೆ ಕೀಟಮಿನ್ ಎಷ್ಟು ಏರೀತು? ತರಗತಿಯಲ್ಲಿ ಈ ಲೆಕ್ಕ ಮಾಡಿಸಿ. ನುಂಗಿದ ಕೀಟಮಿನ್‌ನಲ್ಲಿ ರಕ್ತಕ್ಕೆ ಸಿಗುವುದು ಸುಮಾರು ಐದನೆಯ ಒಂದು ಭಾಗ. 100 ಮಿಲಿಗ್ರಾಂ ನುಂಗಿದರೆ ದಕ್ಕುವುದು 20. ಉಳಿದ 80 ದಾರಿಯಲ್ಲೇ ರೂಪಾಂತರವಾಗುತ್ತದೆ. ಬಾಗಿಲ ಕಾವಲು ಪೂರ್ತಿ ಸಡಿಲವಾದರೆ ರಕ್ತಕ್ಕೆ ಸೇರುವ ಪ್ರಮಾಣ 5 ಪಟ್ಟಿನವರೆಗೂ ಹೋಗಬಹುದು. ಇದು ಬರೀ ಕಾಗದದ ಲೆಕ್ಕವಲ್ಲ. ನಮ್ಮ ಚಕ್ಕೋತದ ಸಂತತಿಯಾದ ದ್ರಾಕ್ಷಿಹಣ್ಣಲ್ಲದ 'ಗ್ರೇಪ್‌ಫ್ರೂಟ್' ಹಣ್ಣಿನ ರಸ ಕುಡಿದವರಲ್ಲಿ, ನುಂಗಿದ ಎಸ್-ಕೀಟಮಿನ್‌ನ ಒಟ್ಟು ಪ್ರಮಾಣ 3 ಪಟ್ಟು ಏರಿದ್ದನ್ನು ಫಿನ್‌ಲೆಂಡಿನ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಆ ರಸ ತಡೆಯುವುದು ಕರುಳಿನ ಸಿವೈಪಿ3ಎ4 ಕಿಣ್ವವನ್ನೇ.

ರಕ್ತನಾಳಕ್ಕೆ ನೇರವಾಗಿ ಕೊಟ್ಟ ಕೀಟಮಿನ್ ಈ ಬಾಗಿಲನ್ನು ದಾಟಬೇಕಿಲ್ಲ. 100ಕ್ಕೆ 100 ಆಗಲೇ ರಕ್ತದಲ್ಲಿರುತ್ತದೆ. ಆದ್ದರಿಂದ ಅಲ್ಲಿ ಕಿಣ್ವ ತಡೆಯ ಪ್ರಭಾವ ಕಡಿಮೆ. ಔಷಧಿ ಯಾವುದು ಎಂಬಷ್ಟೇ ಅದು ಹೋಗುವ ದಾರಿಯೂ ಮುಖ್ಯ.

ಮಿದುಳಿನಲ್ಲಿ

ಬ್ರೆಜಿಲ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 10 ಮಂದಿ ಆರೋಗ್ಯವಂತರಿಗೆ 600 ಮಿಲಿಗ್ರಾಂ ಸಿಬಿಡಿ ನುಂಗಿಸಿ, ಬಳಿಕ ರಕ್ತನಾಳದ ಮೂಲಕ ಕೀಟಮಿನ್ ಕೊಡಲಾಯಿತು. ಕೀಟಮಿನ್ ತರುವ ಉದ್ರೇಕ ಸಿಬಿಡಿಯಿಂದ ತಗ್ಗಲಿಲ್ಲ, ಬದಲಿಗೆ ಹೆಚ್ಚಿತು. 'ನಾನು ನಾನಲ್ಲ' ಎಂಬ ಅನುಭವ ತುಸು ಇಳಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಆ ಇಳಿಕೆ ನಿಲ್ಲಲಿಲ್ಲ. ಹತ್ತು ಜನ ಆರೋಗ್ಯವಂತರ ಒಂದು ಪ್ರಯೋಗದಿಂದ, ತಿಂಗಳುಗಟ್ಟಲೆ ಎರಡನ್ನೂ ಸೇವಿಸುವ ರೋಗಿಗೆ ಅಪಾಯವಿಲ್ಲವೆಂದು ಹೇಳಲಾಗದು. 'ಅಪಾಯ ಕಂಡಿಲ್ಲ' ಎಂಬುದೂ 'ಅಪಾಯವಿಲ್ಲ' ಎಂಬುದೂ ಒಂದೇ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಎಚ್ಚರ ಎಲ್ಲಿ?

ಎರಡೂ ತೂಕಡಿಕೆ ತರುತ್ತವೆ. ಕೀಟಮಿನ್ ರಕ್ತದ ಒತ್ತಡವನ್ನು ಏರಿಸುತ್ತದೆ. ಸಿಬಿಡಿ ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ತೊಂದರೆ ಕೊಡಬಲ್ಲದು. ಮೂಗಿನ ಮೂಲಕ ಎಸ್-ಕೀಟಮಿನ್ ಪಡೆದವರನ್ನು ಕನಿಷ್ಠ 2 ಗಂಟೆ ಗಮನಿಸಬೇಕು, ಅವರು ಮರುದಿನದವರೆಗೆ ವಾಹನ ಓಡಿಸಬಾರದು ಎಂಬುದು ನಿಯಮ. ಚಿಕಿತ್ಸೆ ಮುಗಿಸಿ ಘಾಟಿ ಹತ್ತಿ ಊರಿಗೆ ಮರಳುವ ಮಲೆನಾಡಿನವರಿಗೆ ಇದು ಸಣ್ಣ ಮಾತಲ್ಲ.

ಸೀಸೆಯ ಚೀಟಿಯನ್ನೂ ಪೂರ್ತಿ ನಂಬುವಂತಿಲ್ಲ. ಅಂತರಜಾಲದಲ್ಲಿ ಮಾರಾಟವಾಗುತ್ತಿದ್ದ 84 ಸಿಬಿಡಿ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದಾಗ, ಚೀಟಿಯಲ್ಲಿ ಹೇಳಿದಷ್ಟು ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಮೇಗುಂದದಂಥ ಕಡೆಯವರು ಮನೋವೈದ್ಯರನ್ನು ಕಾಣಲು ದೂರದ ಊರಿಗೆ ಹೋಗುತ್ತಾರೆ, ಉಳಿದ ಕಾಯಿಲೆಗೆ ಊರಿನ ವೈದ್ಯರಲ್ಲಿಗೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯದು. ತೈಲ, ಕಷಾಯ, ಮಾತ್ರೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರಿಗೂ ತೋರಿಸುವುದೇ ಸುಲಭ ಉಪಾಯ. ತಾವಾಗಿಯೇ ಯಾವುದನ್ನೂ ಸೇರಿಸಬಾರದು, ಥಟ್ಟನೆ ನಿಲ್ಲಿಸಲೂ ಬಾರದು. ಮನಸ್ಸಿನ ಸಂಕಟಕ್ಕೆ ಸಲಹೆ ಬೇಕಾದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಯಕೃತ್ತಿನ ಕಿಣ್ವ ಅಣುವಿನ ಆಕಾರವನ್ನಷ್ಟೇ ನೋಡುತ್ತದೆ, ಅದು ಹುಟ್ಟಿದ ಮನೆಯನ್ನಲ್ಲ.