ಪಾಲಬಾವಿ ಎಂದು ಹುಡುಕಿದರೆ ಸಿಗದ ಪಾಲಬಾವಿ

ಶೋಧಯಂತ್ರವೆಂಬುದು ಗ್ರಂಥದ ಕೊನೆಯಲ್ಲಿರತಕ್ಕ ಪದಸೂಚಿಯ ಬೃಹದ್ರೂಪ. ಅದು ಜಾಲಪುಟಗಳನ್ನು ಮುಂಚಿತವಾಗಿಯೇ ಓದಿ, ಯಾವ ಪದ ಯಾವ ಪುಟದಲ್ಲಿದೆಯೆಂದು ಬರೆದಿಟ್ಟುಕೊಂಡು, ನಾವು ಕೇಳಿದ ಕ್ಷಣದಲ್ಲಿ ಆ ಸೂಚಿಯನ್ನು ತೆರೆಯುತ್ತದೆ. ಇತರ ಪುಟಗಳು ಕೊಟ್ಟಿರುವ ಕೊಂಡಿಗಳನ್ನೂ ಬೇರೆ ಹಲವು ಲಕ್ಷಣಗಳನ್ನೂ ತೂಗಿ ಯಾವುದು ಮುಂದೆ, ಯಾವುದು ಹಿಂದೆ ಎಂದು ನಿರ್ಣಯಿಸುತ್ತದೆ. ವ್ಯಾಖ್ಯೆಗೆ ಇಷ್ಟು ಸಾಕು.

ಹಳೆಯ ಲೇಖನವೊಂದು ಹುಡುಕಿದಾಗ ದೊರೆಯದಿದ್ದರೆ, ಹಳತಾದುದರಿಂದಲೇ ಯಂತ್ರವು ಅದನ್ನು ತಿರಸ್ಕರಿಸಿತೆಂದು ಬಹುಜನರು ಭಾವಿಸಿ, ದಿನಾಂಕವನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ನಾನು ಈ ವಿಷಯವನ್ನು ವಿವರಿಸಿದ ಕಡೆಯಲ್ಲೆಲ್ಲ ಎದುರಾದ ಭ್ರಮೆ ಇದೇ. ಕನ್ನಡದ ಎಷ್ಟೋ ಹಳೆಯ ಲೇಖನಗಳ ಮಟ್ಟಿಗೆ ನಿಜಸ್ಥಿತಿ ಬೇರೆಯಾಗಿದೆ: ಯಂತ್ರವು ಅವುಗಳನ್ನು ತಿರಸ್ಕರಿಸಿಲ್ಲ, ಕನ್ನಡವೆಂದು ಓದಿಯೇ ಇಲ್ಲ.

ರಾಯಬಾಗ ತಾಲ್ಲೂಕಿನ ಪಾಲಬಾವಿಯ ಕಬ್ಬಿನ ಬೇಸಾಯವನ್ನು ಕುರಿತು 2004ರಲ್ಲಿ ಯಾರೋ ಶ್ರಮವಹಿಸಿ ಬರೆದು, ಕನ್ನಡ ಬರೆಯುವ 'ನುಡಿ' ತಂತ್ರಾಂಶದ ಅಂದಿನ ಫಾಂಟಿನಲ್ಲಿ ಜಾಲಕ್ಕೇರಿಸಿದರೆಂದು ಊಹಿಸೋಣ. ಫಾಂಟು ಇರುವ ಗಣಕದಲ್ಲಿ ಕಣ್ಣಿಗೆ ಕಾಣುವುದು ಶುದ್ಧ ಕನ್ನಡವೇ. ಆದರೆ ಗಣಕದ ಸ್ಮೃತಿಯಲ್ಲಿ ಇರುವುದೇನು? 'ಪಾ' ಎಂಬಲ್ಲಿ ಜಪಾನಿನ ಯೆನ್ ನಾಣ್ಯದ ಚಿಹ್ನೆಯೂ ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ 'ಎ' ಅಕ್ಷರವೂ. 'ಲ' ಎಂಬಲ್ಲಿ ವರ್ತುಲದೊಳಗಿನ 'ಆರ್', ಅಂದರೆ ಸರಕುಗಳ ಮೇಲೆ ನಾವು ಕಾಣುವ ನೋಂದಾಯಿತ ಮುದ್ರೆಯ ಗುರುತು. 'ಬಾ' ಎಂಬಲ್ಲಿ ಒಂದು ಜೋಡಿ ಚುಕ್ಕೆಯೂ ಮತ್ತೆ ಅದೇ 'ಎ'ಯೂ. 'ವಿ' ಎಂಬಲ್ಲಿ ಫ್ರೆಂಚರ ಉದ್ಧರಣ ಚಿಹ್ನೆ. ಈ ಆರು ಚಿಹ್ನೆಗಳಿಗೆ ಕನ್ನಡದ ರೂಪವನ್ನು ತೊಡಿಸುವುದು ಫಾಂಟು ಮಾತ್ರ. ಯಂತ್ರಕ್ಕೆ ಫಾಂಟಿನ ವೇಷದಿಂದ ಪ್ರಯೋಜನವಿಲ್ಲ. ಅದು ಸ್ಮೃತಿಯಲ್ಲಿರುವುದನ್ನೇ ಓದುತ್ತದೆ. ನಾವಾದರೋ ಇಂದು ಯೂನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ ಪಕಾರ, ಆಕಾರದ ಮಾತ್ರೆ, ಲಕಾರ, ಬಕಾರ, ಮತ್ತೆ ಆ ಮಾತ್ರೆ, ವಕಾರ, ಇಕಾರದ ಮಾತ್ರೆ ಎಂದು ಏಳು ಸಂಕೇತಗಳನ್ನು ಕೊಟ್ಟು ಕೇಳುತ್ತೇವೆ. ಪ್ರಶ್ನೆಯ ಒಂದು ಸಂಕೇತವೂ ಪುಟದ ಒಂದು ಸಂಕೇತದೊಡನೆ ಕೂಡುವುದಿಲ್ಲ. ಊರು ಅಲ್ಲಿಯೇ ಇದ್ದೂ ಇಲ್ಲದಂತಾಗುತ್ತದೆ!

1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದಿತಾದರೂ, 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಫಾಂಟು ಬಂದು, ಬರೆಯುವವರ ಬೆರಳಿಗೆ ಯೂನಿಕೋಡು ರೂಢಿಯಾಗುವವರೆಗೆ ವರ್ಷಗಳೇ ಹಿಡಿದವು. ಆ ನಡುವಣ ಎಷ್ಟೋ ಬರಹ ಈ ಅಜ್ಞಾತವಾಸಕ್ಕೆ ಸಂದಿತು. ಆದ್ದರಿಂದ ಹಳೆಯ ಲೇಖನದ ಪರಿಷ್ಕರಣದಲ್ಲಿ ಮೊದಲ ಹೆಜ್ಜೆ ಯೂನಿಕೋಡಿಗೆ ಪರಿವರ್ತನೆ. ಪರಿವರ್ತಕ ತಂತ್ರಾಂಶಗಳು ಧಾರಾಳವಾಗಿವೆ, ಆದರೆ ಅವುಗಳ ಕೆಲಸವನ್ನು ಕಣ್ಣಿಟ್ಟು ತಿದ್ದದೆ ವಿಧಿಯಿಲ್ಲ. 'ಕರ್ನಾಟಕ' ಎಂಬ ಪದದ ಅರ್ಕಾವತ್ತನ್ನೇ ನೋಡಿ: ನಾವು ಕೈಯಿಂದ ಬರೆಯುವಾಗ ಅದನ್ನು 'ನಾ' ಆದಮೇಲೆ ಇಡುವಂತೆ ಹಳೆಯ ಫಾಂಟೂ 'ನಾ' ಆದಮೇಲೆಯೇ ಇಡುತ್ತದೆ, ಯೂನಿಕೋಡಾದರೋ ನಾವು ಉಚ್ಚರಿಸುವ ಕ್ರಮವನ್ನು ಅನುಸರಿಸಿ ರೇಫವನ್ನು ನಕಾರಕ್ಕೆ ಮೊದಲೇ ಇಡುತ್ತದೆ. ಒಂದು ಕೈಯ ಕ್ರಮ, ಇನ್ನೊಂದು ಬಾಯಿಯ ಕ್ರಮ. ಎಷ್ಟು ಸಲ ವಿವರಿಸಿದರೂ ನನಗೆ ಈ ಭೇದದ ಸೊಗಸು ಹಳತಾಗಿಲ್ಲ. ಈ ಸ್ಥಳಾಂತರವನ್ನು ಅರಿಯದ ಪರಿವರ್ತಕವು ರೇಫವನ್ನು ಅಸ್ಥಾನದಲ್ಲಿ ನಿಲ್ಲಿಸಿ, ಕಾಣದ ಪದವನ್ನು ಕೆಟ್ಟ ಪದವನ್ನಾಗಿ ಮಾಡುತ್ತದೆ.

ಅನಂತರದ್ದು ಹೆಸರುಗಳ ವಿಚಾರ. 2014ರ ನವೆಂಬರ್ 1ರಿಂದ ಬೆಳಗಾವಿ ಎಂಬುದೇ ಅಧಿಕೃತ ನಾಮ. ಹಳೆಯ ಲೇಖನದಲ್ಲಿ ಬೆಳಗಾಂ ಎಂದಿರಬಹುದು. ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿದೆ, ಕಾಗವಾಡ ಅಥಣಿಯಲ್ಲಿದೆ ಎಂದೂ ಇರಬಹುದು. ಇಂದು ಅವೆರಡೂ ಸ್ವತಂತ್ರ ತಾಲ್ಲೂಕುಗಳು. ಪ್ರಸಿದ್ಧ ನಗರದ ಎರಡು ಹೆಸರುಗಳೂ ಒಂದೇ ಎಂದು ಯಂತ್ರವು ತಾನಾಗಿ ಗ್ರಹಿಸಬಲ್ಲುದು. ಸಣ್ಣ ಊರಿಗೆ ಆ ಭಾಗ್ಯ ವಿರಳ. ಹಳೆಯ ಹೆಸರನ್ನು ಅಳಿಸಲಾಗದು, ಅದನ್ನೇ ಕೇಳುವವರೂ ಇದ್ದಾರೆ. 'ಅಂದು ಬೆಳಗಾಂ ಎನಿಸಿದ್ದ ಬೆಳಗಾವಿ' ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿದರೆ ಆಯಿತು. ಶೀರ್ಷಿಕೆಯಲ್ಲಿಯೂ ಊರಿನ ಹೆಸರಿರಬೇಕು: 'ನಮ್ಮೂರು' ಎಂಬುದು ಭಾವಪೂರ್ಣವಾದರೂ ಹುಡುಕುವವನಿಗೆ ನಿರುಪಯುಕ್ತ. 'ಪಾಲಬಾವಿಯ ಕಬ್ಬಿನ ಬೇಸಾಯ' ಎಂದೇ ಇರಲಿ. ಹಾಗೆಂದು ಅದೇ ಪದವನ್ನು ಪುನಃಪುನಃ ತುಂಬುವುದರಿಂದ ಫಲವಿಲ್ಲ.

ಪುಟದ ವಿಳಾಸವನ್ನು ಮಾತ್ರ ಬದಲಿಸಬೇಡಿ. ಹಲವು ವರ್ಷಗಳಲ್ಲಿ ಇತರರು ಕೊಟ್ಟ ಕೊಂಡಿಗಳೆಲ್ಲ ಆ ವಿಳಾಸಕ್ಕೇ ಸಲ್ಲುತ್ತಿರುತ್ತವೆ. ಬದಲಿಸುವುದು ಅನಿವಾರ್ಯವಾದರೆ, 301 ಎಂಬ ಸಂಖ್ಯೆಯಿಂದ ಪ್ರಸಿದ್ಧವಾದ ಶಾಶ್ವತ ಮರುನಿರ್ದೇಶನವನ್ನು ಹಳೆಯ ಬಾಗಿಲಲ್ಲಿ ನಿಲ್ಲಿಸಿರಿ.

ಇನ್ನು ಮಾಡಬೇಕಾಗಿ ಉಳಿದಿರುವ ಅಧ್ಯಯನವೊಂದುಂಟು. ಮರಾಠಿಯೊಡನೆ ಹಾಸುಹೊಕ್ಕಾಗಿರುವ ಬೆಳಗಾವಿಯ ಈ ಗಡಿಸೀಮೆಯಲ್ಲಿ ನಿಪ್ಪಾಣಿ ನಿಪಾಣಿಯೂ ಆಗುತ್ತದೆ. ಊರ ಹೆಸರು ರೋಮನ್ ಲಿಪಿಗೆ ಹೋಗಿ ಮರಳಿ ಕನ್ನಡಕ್ಕೆ ಬರುವಷ್ಟರಲ್ಲಿ ಪಾಲಬಾವಿಯ ಬಕಾರ ಮಹಾಪ್ರಾಣವಾಗಿರುತ್ತದೆ. ಊರು, ಹಳ್ಳ, ಬೆಳೆ, ತಳಿಗಳ ಹೆಸರುಗಳನ್ನು ಜನರು ನಿಜವಾಗಿ ಎಷ್ಟು ವಿಧದಲ್ಲಿ ಬರೆಯುತ್ತಾರೆಂಬುದನ್ನು ಇಲ್ಲಿಯ ಕಾಲೇಜುಗಳ ವಿದ್ಯಾರ್ಥಿಗಳು ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಪಹಣಿ, ಲಗ್ನಪತ್ರಿಕೆಗಳಿಂದ ಸಂಗ್ರಹಿಸಿ ಕೊಡುವಂತಾಗಲಿ. ಆರಂಭಕ್ಕೆ ರಾಯಬಾಗ ತಾಲ್ಲೂಕೊಂದೇ ಸಾಕು, ಅದನ್ನೂ ರಾಯಭಾಗವೆಂದು ಬರೆಯುವವರಿದ್ದಾರೆ.